ಮೊದಲ ಒಗೆತ

ಜೂನ್ 6

ಅಪ್ಪ ಅಮ್ಮ ಇಬ್ಬರಿಗೂ,

ನಾನಿಲ್ಲಿ ಕ್ಷೇಮ. ನಾನಿಲ್ಲದ ಮನೆಯಲ್ಲಿ ನೀವಿಬ್ಬರೂ ಜಗಳವಾಡದೆ ಇದ್ದೀರಿ ಎಂದು ನಂಬಿದ್ದೇನೆ.

ಬಂದ ದಿನವೇ ನಮ್ಮ ಫೋನುಗಳನ್ನೆಲ್ಲ ಒಂದು ತಗಡಿನ ಪೆಟ್ಟಿಗೆಗೆ ಹಾಕಿ ಬೀಗ ಜಡಿದರು. ಶಿಬಿರ ಮುಗಿಯುವ ತನಕ, ಅಂದರೆ ನೂರು ದಿನ, ಅವು ಕೈಗೆ ಬರುವುದಿಲ್ಲ. ಭಾನುವಾರ ವಾರ್ಡನ್ ಕೋಣೆಯಿಂದ ಐದು ನಿಮಿಷ ಮಾತಾಡಬಹುದು. ಆದರೆ ಎದುರಿಗೇ ಕೋಚ್ ಸರ್ ಹಾಜರಿ ಪುಸ್ತಕ ಹರವಿಕೊಂಡು ಕೂತಿರುತ್ತಾರೆ. ಅವರ ಮುಂದೆ "ಅಮ್ಮಾ, ಹೊಟ್ಟೆ ತುಂಬಲ್ಲ" ಎಂದು ಹೇಳುವುದು ಹೇಗೆ? ಅದಕ್ಕೇ ಈ ಕಾಗದ. ಅಂಚೆ ಡಬ್ಬ ಗೇಟಿನ ಪಕ್ಕದಲ್ಲೇ ಇದೆ, ಮೂರು ದಿನಕ್ಕೆ ನಿಮಗೆ ಮುಟ್ಟುತ್ತದಂತೆ.

ಕೋಣೆಯಲ್ಲಿ ನಾಲ್ಕು ಮಂಚ, ಒಂದು ಕಿಟಕಿ. ಕಿಟಕಿ ತೆರೆದರೆ ಭಾರ ಎತ್ತುವ ಹಾಲ್‌ನ ಗೋಡೆ. ಬೆಳಿಗ್ಗೆ ಐದಕ್ಕೆ ಯಾರೋ ಮೊದಲ ಕಬ್ಬಿಣವನ್ನು ನೆಲಕ್ಕೆ ಬಿಡುತ್ತಾರೆ, ಮಂಚ ಅದುರುತ್ತದೆ, ಅದೇ ನಮಗೆ ಅಲಾರಂ. ಪಕ್ಕದ ಮಂಚದವಳನ್ನು ಎಲ್ಲರೂ ಕಡ್ಡಿ ಎನ್ನುತ್ತಾರೆ. ನೋಡಿದರೆ ಗಾಳಿಗೆ ಹಾರಿಹೋಗುವ ಹಾಗಿದ್ದಾಳೆ, ಎತ್ತುವುದು ಮಾತ್ರ ತನ್ನ ಎರಡರಷ್ಟು ತೂಕ. ನೀವು ಮನೆಯಲ್ಲಿ ನನ್ನನ್ನು ಏನೆಂದು ಕರೆಯುತ್ತೀರಿ ಎಂದು ಅವಳಿಗೆ ಬಾಯಿ ತಪ್ಪಿ ಹೇಳಿಬಿಟ್ಟೆ. ಈಗ ಇಡೀ ಹಾಸ್ಟೆಲಿಗೆ ನಾನು ಗುಂಡುಕಲ್ಲು.

ಕೋಚ್ ಸರ್ ನನ್ನನ್ನು, "ಎತ್ತೋದು ಎಲ್ಲಿ ಕಲಿತೆ?" ಎಂದು ಕೇಳಿದರು. "ನಮ್ಮಪ್ಪನ ಬಣ್ಣದ ಹಂಡೆಯಿಂದ ಒದ್ದೆ ಬಟ್ಟೆ ಎತ್ತಿ ಎತ್ತಿ, ಸರ್" ಅಂದೆ. ಎಲ್ಲರೂ ನಕ್ಕರು, ಅವರು ನಗಲಿಲ್ಲ. "ಹಾಗಾದ್ರೆ ಸೊಂಟ ಸರಿಯಾಗಿದೆ" ಅಂದರು. ಕೆಟ್ಟವರಲ್ಲ ಅಪ್ಪ. ಒಂದೇ ಮಾತನ್ನು ದಿನಕ್ಕೆ ಹತ್ತು ಸಲ ಹೇಳುತ್ತಾರೆ: "ದೇಹ ಸುಳ್ಳುಬುರುಕ ಕಣಮ್ಮ. ಸಾಕು ಅಂತ ಮೂರು ಸಲ ಹೇಳೋವರೆಗೂ ನಂಬಬೇಡ."

ನನ್ನ ತೂಕದ ವರ್ಗದಲ್ಲಿ ಆರು ಜನ ಇದ್ದೇವೆ. ಸೆಪ್ಟೆಂಬರಿನಲ್ಲಿ ಆಯ್ಕೆಯಾಗುವುದು ಒಬ್ಬಳೇ. ಅವಳಿಗೆ ಓದು, ವಸತಿ, ಕೆಲಸ ಎಲ್ಲ ಸಿಗುತ್ತದೆ. ನಾನು ಈಗ ಮೂರನೆಯವಳು.

ನಿಮ್ಮ,
ಗುಂಡುಕಲ್ಲು


ಜೂನ್ 13

ಗುಂಡುಕಲ್ಲಿಗೆ ಅಪ್ಪನ ಆಶೀರ್ವಾದ.

ನಿನ್ನ ಕಾಗದವನ್ನು ಅಂಗಡಿಗೆ ಬಂದವರಿಗೆಲ್ಲ ಓದಿ ಹೇಳಿದೆ. ಹಳೇ ಕೋಟಿಗೆ ಮತ್ತೆ ಕಪ್ಪು ಹಾಕಿಸಲು ಬಂದಿದ್ದ ಬಸ್ ಡ್ರೈವರ್ ಕೂಡ ಪೂರ್ತಿ ಕೇಳಿಸಿಕೊಂಡ. ಪಾಪ, ಅವನಿಗೆ ಬೇರೆ ದಾರಿಯಿರಲಿಲ್ಲ, ಕೋಟು ನನ್ನ ಕೈಯಲ್ಲಿತ್ತು.

ಮೂರನೆಯವಳು ಎಂದು ಬರೆದಿದ್ದೀಯ. ನಾನು ಅದನ್ನೇ ಯೋಚಿಸುತ್ತಿದ್ದೆ. ನಮ್ಮ ಬೀದಿಯ ತುದಿಯ ಜಿಮ್ಮಿನವನ ಹತ್ತಿರ ಕೇಳಿದೆ. "ಬರೀ ಊಟದಲ್ಲಿ ಆಗೋ ಕೆಲಸ ಅಲ್ಲ ಯಜಮಾನ್ರೇ, ಮಿಕ್ಕವರೆಲ್ಲ ಏನಾದ್ರೂ ತಗೊಂಡೇ ತಗೋತಾರೆ" ಎಂದ. ಒಂದು ದೊಡ್ಡ ಡಬ್ಬಿ ಕೊಟ್ಟ. ಪುಡಿಯ ಬಣ್ಣ ನಮ್ಮ ಬಣ್ಣದ ಪುಸ್ತಕದ ನಲವತ್ತೆರಡನೇ ಬಟ್ಟೆತುಂಡಿನ ಹಾಗೇ ಇದೆ, ಕಂದು, ಸ್ವಲ್ಪ ಕೆಂಪು ಬೆರೆತದ್ದು. ನೀರಿಗೆ ಹಾಕಿದರೆ ಚೆನ್ನಾಗಿ ಕರಗುತ್ತದೆ, ಗಂಟು ಕಟ್ಟುವುದಿಲ್ಲ, ತಳ ಹಿಡಿಯುವುದಿಲ್ಲ. ಒಳ್ಳೆ ಮಾಲು. ಎತ್ತುವುದಕ್ಕೆ ಮೊದಲು ಒಂದು ಅಳತೆ, ಆಮೇಲೆ ಒಂದು ಅಳತೆ. ಪಾರ್ಸೆಲ್ ಮಾಡಿದ್ದೇನೆ.

ನಿನಗೆ ನೆನಪಿದೆಯಾ, ಆರನೇ ವಯಸ್ಸಿಗೇ ನೀನು ಪುಸ್ತಕ ನೋಡದೆ ನೂರಾ ಇಪ್ಪತ್ತು ಬಣ್ಣಗಳ ನಂಬರು ಹೇಳುತ್ತಿದ್ದೆ. ಅಂಗಡಿಯನ್ನು ಇವಳೇ ನೋಡಿಕೊಳ್ಳುತ್ತಾಳೆ ಎಂದುಕೊಂಡಿದ್ದೆ. ಈಗ ಹೇಳುತ್ತೇನೆ, ಅಂಗಡಿ ಹಾಳಾಗಿಹೋಗಲಿ, ನೀನು ಎತ್ತು.

ಅಪ್ಪ

ಇಸ್ತ್ರಿ ಮೇಜಿನಿಂದ ಅಮ್ಮ ಬರೆಯುವುದು: ನಿಮ್ಮಪ್ಪ ಹೇಳಿದ್ದರಲ್ಲಿ ಅರ್ಧ ನಂಬು. ಜಗಳ ಆಡುತ್ತಲೇ ಇದ್ದೇವೆ, ನೀನು ಇಲ್ಲದ್ದರಿಂದ ತೀರ್ಪು ಕೊಡುವವರಿಲ್ಲ. ಹೊಟ್ಟೆ ತುಂಬದಿದ್ದರೆ ನಾಚಿಕೆ ಬಿಟ್ಟು ಇನ್ನೊಂದು ಸಲ ಕೇಳು. ಆ ಪುಡಿಯ ವಾಸನೆ ನನಗೆ ಹಿಡಿಸಲಿಲ್ಲ.


ಜುಲೈ 1

ಅಪ್ಪ, ಅಮ್ಮ,

ಡಬ್ಬಿ ತಲುಪಿ ಎರಡು ವಾರವಾಯಿತು. ಈಗ ನಾನು ಎರಡನೆಯವಳು.

ಅದನ್ನು ಕುಡಿದ ಕಾಲು ಗಂಟೆಗೆ ಕಿವಿ ಬಿಸಿಯಾಗುತ್ತದೆ, ಎದೆ ಡಬಡಬ ಅನ್ನುತ್ತದೆ, ಆಮೇಲೆ ಸುಸ್ತು ಎನ್ನುವುದು ಹತ್ತಿರ ಸುಳಿಯುವುದಿಲ್ಲ. ಕಡ್ಡಿಗೂ ಒಂದು ಚಮಚ ಕೊಟ್ಟೆ. ಕುಡಿದು, "ನನಗೆ ಯಾರೋ ಹಿಂದಿನಿಂದ ಓಡಿಸ್ಕೊಂಡು ಬರ್ತಿರೋ ಹಾಗಾಗುತ್ತೆ, ಬೇಡಮ್ಮ" ಎಂದಳು. ಹೆದರುಪುಕ್ಕಲಿ.

ಒಂದೇ ತೊಂದರೆ, ತೂಕ. ನನ್ನ ವರ್ಗಕ್ಕೆ ಅರವತ್ತನಾಲ್ಕು ಕೆ.ಜಿ. ದಾಟಬಾರದು, ನಾನು ಅರವತ್ತಾರರ ಮೇಲಿದ್ದೇನೆ. ಅದಕ್ಕೆ ಸಂಜೆ ಪ್ಲಾಸ್ಟಿಕ್ ಜಾಕೆಟ್ ತೊಟ್ಟು ಓಡುತ್ತೇನೆ, ನೀರು ಲೆಕ್ಕ ಮಾಡಿ ಕುಡಿಯುತ್ತೇನೆ. ಎಲ್ಲರೂ ಹಾಗೇ ಮಾಡುತ್ತಾರೆ. ಇಲ್ಲಿ ನೀರು ಕುಡಿಯುವವರನ್ನು ಕಂಡರೆ ನಮಗೆ ಹೊಟ್ಟೆಕಿಚ್ಚು.

ಅಮ್ಮಾ, ಊಟ ಎರಡನೇ ಸಲ ಕೇಳಿದೆ. ಕೊಟ್ಟರು.

ಗುಂಡುಕಲ್ಲು


ಜುಲೈ 19

ಅಪ್ಪ,

ಇದನ್ನು ಅಂಗಡಿ ವಿಳಾಸಕ್ಕೆ ಹಾಕುತ್ತಿದ್ದೇನೆ. ಅಮ್ಮನಿಗೆ ತೋರಿಸಬೇಡ. ಅವಳು ಮರುದಿನವೇ ಬಸ್ಸು ಹತ್ತಿ ಬಂದುಬಿಡುತ್ತಾಳೆ.

ಒಂದು ವಾರ ಜ್ವರವಿತ್ತು. ಈಗಿಲ್ಲ. ಮೊನ್ನೆ ಅಭ್ಯಾಸಕ್ಕೆ ವಾಪಸ್ ಹೋದೆ. ಒಂದು ವಾರದ ಕೆಲಸ ಬಾಕಿ ಎಂದು ಕೋಚ್ ಸರ್ ಹೆಗಲ ಮೇಲೆ ಕಂಬಿ ಇಟ್ಟು ಇನ್ನೂರು ಬಸ್ಕಿ ಹೊಡೆಸಿದರು. ನಾನೂ ಬೇಡ ಎನ್ನಲಿಲ್ಲ. ಎರಡು ಅಳತೆಯ ಜಾಗದಲ್ಲಿ ಮೂರು ಅಳತೆ ಪುಡಿ ಕುಡಿದಿದ್ದೆ, ನೂರೈವತ್ತರ ತನಕ ಕಾಲು ನನ್ನದೇ ಅಲ್ಲವೇನೋ ಎಂಬಂತೆ ತನ್ನಷ್ಟಕ್ಕೆ ಏಳುತ್ತಿತ್ತು.

ನಿನ್ನೆ ಬೆಳಿಗ್ಗೆ ಮಂಚದಿಂದ ಇಳಿಯಲಾಗಲಿಲ್ಲ. ತೊಡೆ ಎರಡೂ ಊದಿ ಕಲ್ಲಾಗಿವೆ. ಅದು ಇರಲಿ, ನೋವು ಗೊತ್ತಿರುವುದೇ. ನಾನು ಕೇಳಬೇಕಾದದ್ದು ಬೇರೆ. ಹೇಗೆ ಬರೆಯಲಿ ಗೊತ್ತಾಗುತ್ತಿಲ್ಲ. ಮೂತ್ರದ ಬಣ್ಣ ಬದಲಾಗಿದೆ ಅಪ್ಪ. ಹಳದಿ ಅಲ್ಲ. ನಲವತ್ತೆರಡು. ಸರಿಯಾಗಿ ನೋಡಿದರೆ ನಲವತ್ತೆರಡಕ್ಕೂ ನಲವತ್ತಮೂರಕ್ಕೂ ನಡುವೆ.

ಇಲ್ಲಿ ನರ್ಸಮ್ಮ ಇದ್ದಾರೆ, ಕೆಳಗಿನ ಮಹಡಿಯಲ್ಲೇ. ಒಳ್ಳೆಯವರು. ಆದರೆ ಅವರ ಪುಸ್ತಕದಲ್ಲಿ ಜ್ವರಕ್ಕೆ ಒಮ್ಮೆ ಹೆಸರು ಬಂದಾಗಿದೆ, ಇನ್ನೊಂದು ಸಲ ಬಂದರೆ ನನ್ನನ್ನು ಪಟ್ಟಿಯಿಂದ ತೆಗೆದು ಮನೆಗೆ ಕಳಿಸುತ್ತಾರೆ. ಕಡ್ಡಿ, "ಹೋಗಿ ಹೇಳೇ" ಎಂದು ಪ್ರಾಣ ತಿನ್ನುತ್ತಿದ್ದಾಳೆ. ನಮ್ಮಪ್ಪನಿಗಿಂತ ಬಣ್ಣ ಬಲ್ಲವರು ಯಾರೂ ಇಲ್ಲ, ಅವರನ್ನು ಕೇಳುತ್ತೇನೆ ಎಂದು ಅವಳ ಬಾಯಿ ಮುಚ್ಚಿಸಿದ್ದೇನೆ.

ಬೇಗ ಬರೆ.

ಗುಂಡು


ಜುಲೈ 22

ಮಗಳೇ,

ನಿನ್ನ ಕಾಗದ ಈಗ ಮಧ್ಯಾಹ್ನ ಬಂತು. ಎರಡು ಸಲ ಓದಿ, ನೀನು ಹೇಳಿದ ಹಾಗೆ ಅಮ್ಮನ ಕೈಗೆ ಸಿಗದಿರಲಿ ಎಂದು ಹಂಡೆಯ ಕೆಳಗಿನ ಬೆಂಕಿಗೆ ಹಾಕಿದೆ.

ಹೆದರಬೇಡ. ಮೊದಲಿಗೆ ನಾನೂ ಹೆದರಿದೆ. ಆಮೇಲೆ ಕೂತು ಯೋಚಿಸಿದೆ. ಪುಡಿಯ ಬಣ್ಣ ನಲವತ್ತೆರಡು. ಬಂದ ಬಣ್ಣವೂ ನಲವತ್ತೆರಡು. ಮೂರು ಅಳತೆ ಹಾಕಿದ್ದೀಯ. ಬಟ್ಟೆ ಎಷ್ಟು ಹಿಡಿಯುತ್ತದೋ ಅಷ್ಟೇ ಬಣ್ಣ ಹಿಡಿಯುತ್ತದೆ, ಉಳಿದದ್ದು ಮೊದಲ ಒಗೆತದಲ್ಲಿ ಹೋಗುತ್ತದೆ. ನೀನೇ ಚಿಕ್ಕವಳಿದ್ದಾಗ ಹೊಸ ಪರದೆಯ ನೀರು ಕೆಂಪಾಯಿತೆಂದು ಅತ್ತಿದ್ದೆ. ಮೈ ಕೂಡ ಹಾಗೇ. ಬೇಡದ್ದನ್ನು ಬಿಡುತ್ತಿದೆ, ಬಿಡಲಿ. ಎರಡು ದಿನದಲ್ಲಿ ನೀರು ತಿಳಿಯಾಗುತ್ತದೆ. ಎರಡೇ ಅಳತೆ ಹಾಕು, ಮೂರು ಬೇಡ.

ಇಷ್ಟಕ್ಕೆ ನರ್ಸಮ್ಮನ ತನಕ ಹೋಗಿ ಪಟ್ಟಿಯಿಂದ ಹೆಸರು ಕಳೆದುಕೊಳ್ಳಬೇಡ. ನಲವತ್ತು ದಿನ ಕಷ್ಟಪಟ್ಟಿದ್ದೀಯ.

ಇದನ್ನು ಈಗಲೇ ಅಂಚೆಗೆ ಹಾಕಿ ಬರುತ್ತೇನೆ.

ಅಪ್ಪ


ಜುಲೈ 27

ಅಪ್ಪ,

ನಿನ್ನ ಕಣ್ಣೇ ಕಣ್ಣು. ನಿನ್ನ ಕಾಗದ ಕೈಗೆ ಬರುವಷ್ಟರಲ್ಲೇ ಎಲ್ಲ ತಿಳಿಯಾಗಿತ್ತು. ಒಂದು, ಎರಡನೇ ನಂಬರಿನಷ್ಟು ತಿಳಿ. ತೊಡೆಯ ಊತವೂ ಇಳಿದಿದೆ. ಕಡ್ಡಿಗೆ ನಿನ್ನ ಕಾಗದ ಓದಿ ಹೇಳಿದೆ. "ನಿಮ್ಮಪ್ಪ ಡಾಕ್ಟ್ರಾ?" ಎಂದಳು. "ಅದಕ್ಕಿಂತ ಹೆಚ್ಚು" ಅಂದೆ.

ಇನ್ನು ಮೇಲೆ ಹೀಗಾದರೆ ನಿನ್ನನ್ನು ಕೇಳುವ ಅಗತ್ಯವೂ ಇಲ್ಲ. ಗೊತ್ತಾಯಿತಲ್ಲ.

ನಿನ್ನೆ ಅಭ್ಯಾಸದಲ್ಲಿ ಮೊದಲನೆಯವಳಿಗಿಂತ ಎರಡೇ ಕೆ.ಜಿ. ಕಡಿಮೆ ಎತ್ತಿದೆ.

ಗುಂಡುಕಲ್ಲು


ಆಗಸ್ಟ್ 24
ಆಸ್ಪತ್ರೆ, ಮೂರನೇ ಮಹಡಿ

ಗುಂಡುವಿನ ಅಪ್ಪನಿಗೆ,

ಫೋನಿನಲ್ಲಿ ಕೇಳಿದ್ದಕ್ಕೆಲ್ಲ ನೀವು "ಹೂಂ, ಹೂಂ" ಎನ್ನುತ್ತೀರಿ. ಅವಳ ಮುಂದೆ ನನಗೂ ಬಿಡಿಸಿ ಹೇಳಲಾಗುವುದಿಲ್ಲ. ಅದಕ್ಕೇ ಹೊರಗಿನ ಬೆಂಚಿನಲ್ಲಿ ಕೂತು ಬರೆಯುತ್ತಿದ್ದೇನೆ.

ನಿನ್ನೆ ನಾಲ್ಕನೇ ಸಲ ರಕ್ತ ಸೋಸುವ ಯಂತ್ರಕ್ಕೆ ಹಾಕಿದರು. ಕುತ್ತಿಗೆಯ ಹತ್ತಿರ ಕೊಳವೆ, ನಾಲ್ಕು ಗಂಟೆ, ಅವಳ ರಕ್ತವೆಲ್ಲ ಹೊರಗೆ ಬಂದು ಸುತ್ತು ಹಾಕಿ ಒಳಗೆ ಹೋಗುತ್ತದೆ. ಅವಳು ಮೇಲಿನ ಫ್ಯಾನು ನೋಡುತ್ತಾ ಮಲಗಿರುತ್ತಾಳೆ. ನಾನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಪಕ್ಕದಲ್ಲಿ ತೂಗುಹಾಕಿರುವ ಮೂತ್ರದ ಚೀಲ ನೋಡುತ್ತೇನೆ. ಹೀಗೆ ಕಾಯುವ ಕೆಲಸ ನನ್ನ ಪಾಲಿಗೆ ಬರುತ್ತದೆಂದು ಯಾರು ಕಂಡಿದ್ದರು? ಇವತ್ತು ಬೆಳಿಗ್ಗೆಯಿಂದ ಒಂದು ಲೋಟದಷ್ಟು ಬಂದಿದೆ. ಡಾಕ್ಟರಮ್ಮ ಅದನ್ನು ಬೆಳಕಿಗೆ ಹಿಡಿದು ನೋಡಿ, "ಒಳ್ಳೇದೇ, ಆದ್ರೂ ಇನ್ನೂ ನಾಲ್ಕು ದಿನ ಕಾಯೋಣ" ಎಂದರು. ಇಲ್ಲಿ ಎಲ್ಲರೂ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೇ ಮಾತಾಡುತ್ತಾರೆ.

ನೀವು ನಾಲ್ಕನೇ ದಿನಕ್ಕೆ ಅಂಗಡಿ ಎಂದು ಎದ್ದುಹೋದಿರಿ. ಹೋಗುವ ಮೊದಲು ಡಾಕ್ಟರಮ್ಮ ನಿಮಗೆ ಏನೋ ಹೇಳಿದ ಮೇಲೆ ನಿಮ್ಮ ಮುಖ ಸುಣ್ಣದ ಹಾಗಾಗಿತ್ತು. ನನಗೂ ಅದನ್ನೇ ಹೇಳಿದರು. ವಿಪರೀತ ದುಡಿಸಿದರೆ ಸ್ನಾಯು ಒಳಗೇ ಒಡೆಯುತ್ತದಂತೆ. ಅದರ ಕಂದು ಬಣ್ಣ ರಕ್ತಕ್ಕೆ ಇಳಿದು ಮೂತ್ರದಲ್ಲಿ ಬರುತ್ತದಂತೆ, ಅದನ್ನು ಸೋಸಿ ಸೋಸಿ ಮೂತ್ರಪಿಂಡ ಕಟ್ಟಿಹೋಗುತ್ತದಂತೆ. ರಕ್ತದಲ್ಲಿ ಇನ್ನೂರರೊಳಗೆ ಇರಬೇಕಾದ ಒಂದು ಅಂಶ ಇವಳಿಗೆ ತೊಂಬತ್ತು ಸಾವಿರವಿತ್ತು. ಆಯ್ಕೆ ಹತ್ತಿರ ಬಂತೆಂದು ಬಿಸಿಲಲ್ಲಿ ದುಡಿಸಿದ್ದು, ನೀರು ಕುಡಿಯದ್ದು, ಪುಡಿ, ಹೋದ ತಿಂಗಳ ಜ್ವರದಿಂದ ಸೊರಗಿದ ಮೈ, ಒಂದೊಂದೂ ಸೇರಿಕೊಂಡಿತು ಎಂದರು. "ಬಣ್ಣ ಬಂದ ದಿನಾನೇ ಕರ್ಕೊಂಡು ಬಂದಿದ್ರೆ ಬರೀ ಗ್ಲೂಕೋಸ್ ನೀರಲ್ಲಿ ಸರಿ ಮಾಡ್ತಿದ್ವಿ, ಎರಡು ದಿನ ಯಾಕೆ ಕಾದ್ರು?" ಎಂದು ಕೇಳಿದರು. ಗುಂಡುಕಲ್ಲಿನ ಹಾಗಿದ್ದವಳು ಎರಡು ದಿನ ಮಂಚದಲ್ಲಿ ಬಾಯಿ ಬಿಡದೆ ಬಿದ್ದಿದ್ದಳು. ಕೊನೆಗೆ ಆ ಕಡ್ಡಿ ಹುಡುಗಿ ಹೋಗಿ ನರ್ಸಮ್ಮನನ್ನು ಎಬ್ಬಿಸಿಕೊಂಡು ಬಂದಳು. ಅವಳ ಕಾಲು ತೊಳೆದರೂ ಸಾಲದು.

ಕೋಚ್ ದಿನವೂ ಹಣ್ಣು ಹಿಡಿದು ಬಂದು ಬಾಗಿಲಲ್ಲಿ ನಿಲ್ಲುತ್ತಾನೆ. ನಾನು ಒಳಗೆ ಕರೆಯುವುದಿಲ್ಲ. ಶಿಬಿರ ನಡೆಸುವವರ ಕಡೆಯಿಂದ ವಿಚಾರಣೆಗೆ ಮೂವರು ಬಂದಿದ್ದಾರೆ. ಮೊದಲೂ ಹೀಗಾಗಿತ್ತಾ ಎಂದು ಇವಳನ್ನು ಕೇಳಿದರು, ಇದೇ ಮೊದಲು ಎಂದಳು. ಕಾಯಲು ಯಾರಾದರೂ ಹೇಳಿದ್ದರಾ ಎಂದರು, ಯಾರೂ ಇಲ್ಲ ಎಂದಳು. ಎಲ್ಲವೂ ಆ ಮನುಷ್ಯನ ತಲೆಗೇ ಬರುತ್ತದೆ. ಬರಲಿ. ಅವನ ಅನ್ನ ಹೋಗುವ ತನಕ ನಾನು ಬಿಡುವವಳಲ್ಲ.

ನೀವು ಮತ್ತೆ ಯಾವಾಗ ಬರುತ್ತೀರಿ?

ಇಂತಿ,
ಅವಳ ಅಮ್ಮ


ಆಗಸ್ಟ್ 29

ಅಪ್ಪ,

ಮಲಗಿಕೊಂಡೇ ಬರೆಯುತ್ತಿದ್ದೇನೆ, ಅಕ್ಷರ ನೋಡಿ ನಗಬೇಡ. ಅಮ್ಮ ಔಷಧಿ ತರಲು ಕೆಳಗೆ ಹೋಗಿದ್ದಾಳೆ.

ನೀನು ಬಂದಾಗ ನನಗೆ ಎಚ್ಚರವಿತ್ತು. ನೀನು ಬಾಗಿಲಲ್ಲೇ ನಿಂತಿದ್ದೆ. ಮೂತ್ರದ ಚೀಲ ನೋಡಿದೆ, ನನ್ನನ್ನು ನೋಡಲಿಲ್ಲ.

ನಿನ್ನ ಜುಲೈ ತಿಂಗಳ ಕಾಗದ ನನ್ನ ದಿಂಬಿನ ಚೀಲದೊಳಗಿತ್ತು. ಕಡ್ಡಿ ಅದನ್ನು ತೆಗೆದಿಟ್ಟಿದ್ದಾಳೆ. ಹರಿದುಹಾಕು ಎಂದು ಹೇಳಿ ಕಳಿಸಿದ್ದೇನೆ. ನಿನ್ನ ಹತ್ತಿರ ನನ್ನದು ಇಲ್ಲ. ಅಂದಮೇಲೆ ಆ ಮಾತು ಆಗಲೇ ಇಲ್ಲ. ಅಮ್ಮನಿಗೆ ಗೊತ್ತಾದರೆ ನಿಮ್ಮಿಬ್ಬರ ನಡುವೆ ನಾನು ಎಲ್ಲಿ ನಿಲ್ಲಲಿ?

ಒಂದು ಮಾತು ಕೇಳುತ್ತೇನೆ. ಎರಡನೇ ಸಲ ಬಂದದ್ದು ನಲವತ್ತೆರಡಲ್ಲ ಅಪ್ಪ, ಅದಕ್ಕಿಂತ ಬಹಳ ಕಪ್ಪು. ನನ್ನ ಕಣ್ಣಿಗೆ ಗೊತ್ತಾಗಿತ್ತು. ಆದರೂ ಮೊದಲ ಒಗೆತ, ಮೊದಲ ಒಗೆತ ಎಂದು ಹೇಳಿಕೊಳ್ಳುತ್ತಾ ಮಲಗಿದ್ದೆ. ನನಗೆ ಯಾಕೆ ಎದ್ದು ಹೋಗಬೇಕು ಅನ್ನಿಸಲಿಲ್ಲ?

ಗುಂಡು


ಸೆಪ್ಟೆಂಬರ್ 3

ಅವಳ ಅಮ್ಮನಿಗೆ,

ಮದುವೆಯಾಗಿ ಇಪ್ಪತ್ತೆರಡು ವರ್ಷಕ್ಕೆ ನಿನಗೆ ಮೊದಲ ಕಾಗದ ಬರೆಯುತ್ತಿದ್ದೇನೆ. ಇದನ್ನು ಕೂತು ಓದು.

ಅವಳಿಗೆ ಇದು ಮೊದಲ ಸಲವಲ್ಲ. ಜುಲೈ ಹತ್ತೊಂಬತ್ತಕ್ಕೆ ಅವಳು ನನಗೆ ಅಂಗಡಿ ವಿಳಾಸಕ್ಕೆ ಬರೆದಿದ್ದಳು. ತೊಡೆ ಊದಿದೆ, ಮೂತ್ರ ಕಂದಾಗಿದೆ, ನರ್ಸಮ್ಮನಿಗೆ ಹೇಳಲಾ ಎಂದು. ನಿನಗೆ ಹೇಳಬೇಡ ಎಂದಿದ್ದಳು. ನಾನು ಹೇಳಲಿಲ್ಲ. ಪುಡಿಯ ಬಣ್ಣ ಹೋಗುತ್ತಿದೆ, ಹೊಸ ಬಟ್ಟೆ ಮೊದಲ ಒಗೆತದಲ್ಲಿ ಬಣ್ಣ ಬಿಟ್ಟ ಹಾಗೆ, ನರ್ಸಿನ ತನಕ ಹೋಗಬೇಡ ಎಂದು ಬರೆದೆ. ಎರಡು ದಿನದಲ್ಲಿ ತಾನಾಗಿ ತಿಳಿಯಾಯಿತು. ನನ್ನ ಮಾತೇ ನಿಜವಾಯಿತು ಎಂದು ಅವಳೂ ನಂಬಿದಳು, ನಾನೂ ನಂಬಿದೆ. ಆವತ್ತು ಸಂಜೆ ನಾನು ಎಷ್ಟು ಬೀಗಿದ್ದೆ ಎಂದರೆ, ನೀನು ಏನು ಸಮಾಚಾರ ಎಂದು ಕೇಳಿದ್ದೆ, ನೆನಪಿರಬಹುದು.

ಆಗಸ್ಟಿನಲ್ಲಿ ಅವಳು ಎರಡು ದಿನ ಯಾಕೆ ಕಾದಳು ಎಂದು ಡಾಕ್ಟರಮ್ಮ ಕೇಳಿದರಲ್ಲ. ನಾನು ಹೇಳಿದ್ದರಿಂದ ಕಾದಳು. ಅವರು ಅದು ಸ್ನಾಯುವಿನ ಬಣ್ಣ ಎಂದಾಗಲೇ ನನಗೆ ತಿಳಿಯಿತು. ನನ್ನ ಮಗಳೇ ಕರಗಿ ಹೋಗುತ್ತಿದ್ದಳು, ನಾನು ಹೋಗಲಿ ಬಿಡು ಎಂದು ಬರೆದಿದ್ದೆ. ಅಂಗಡಿಯ ನೆಪ ಹೇಳಿ ಓಡಿಬಂದದ್ದು ಅದಕ್ಕೆ. ಅಂಗಡಿ ಬಾಗಿಲು ತೆರೆದೇ ಇಲ್ಲ.

ಇನ್ನೂ ಒಂದು. ಬಣ್ಣದ ಪೊಟ್ಟಣ ಬಂದರೆ ಅದರ ಮೇಲಿನ ಸಣ್ಣ ಅಕ್ಷರವನ್ನೆಲ್ಲ ಕನ್ನಡಕ ಹಾಕಿಕೊಂಡು ಓದುವವನು ನಾನು. ಆ ಡಬ್ಬಿಯ ಚೀಟಿ ಅರ್ಧ ಕಿತ್ತುಹೋಗಿತ್ತು. ಒಳಗೆ ಏನಿದೆ ಎಂದು ನಾನು ಕೇಳಲಿಲ್ಲ. ವಾಸನೆ ಹಿಡಿಸಲಿಲ್ಲ ಎಂದು ನೀನು ಹೇಳಿದ್ದೆ.

ಕೋಚ್ ಮಾಡಿದ್ದು ತಪ್ಪು. ಜುಲೈಯಲ್ಲಿ ಜ್ವರದಿಂದ ಎದ್ದ ಹುಡುಗಿಯಿಂದ ಇನ್ನೂರು ಬಸ್ಕಿ ಹೊಡೆಸಿದ. ಆದರೆ ಅವನು ಮಾಡಿದ್ದಷ್ಟನ್ನು ಅವನು ಹೊರಲಿ, ನನ್ನದನ್ನೂ ಅವನ ಹೆಗಲಿಗೆ ಹಾಕುವುದು ಬೇಡ. ಆ ಕಾಗದವನ್ನು ಅವಳು ಹರಿದುಹಾಕಿಸಿರಬಹುದು. ಅದಕ್ಕೇ ಅದರಲ್ಲಿದ್ದದ್ದನ್ನೆಲ್ಲ ಇಲ್ಲಿ ಬರೆದಿದ್ದೇನೆ. ಇದನ್ನು ನೀನು ಏನು ಬೇಕಾದರೂ ಮಾಡು.

ನಾನು ಯಾವಾಗ ಬರಲಿ ಎಂದು ಕೇಳುವ ಬಾಯಿ ನನಗಿಲ್ಲ.

ಅವಳ ಅಪ್ಪ


ಸೆಪ್ಟೆಂಬರ್ 9

ಕಾಗದ ಬಂತು. ಕೂತೇ ಓದಿದೆ.

ಅದನ್ನು ವಿಚಾರಣೆಯವರಿಗೆ ಕೊಟ್ಟೆ. ಕಡ್ಡಿ ನಿಮ್ಮ ಜುಲೈ ಕಾಗದವನ್ನೂ ಹರಿಯದೆ ತಂದುಕೊಟ್ಟಳು. ಅದನ್ನೂ ಕೊಟ್ಟೆ.

ಅವಳಿಗೆ ಯಂತ್ರ ನಿಲ್ಲಿಸಿದ್ದಾರೆ. ನಿನ್ನೆ ಗೋಡೆ ಹಿಡಿದು ಬಾಗಿಲ ತನಕ ನಡೆದಳು.

ಸದ್ಯ ಬರಬೇಡಿ.


ಅಕ್ಟೋಬರ್ 12
ಚಿಕ್ಕಮ್ಮನ ಮನೆ

ಅಪ್ಪ,

ಅಮ್ಮ ಮನೆಗೆ ಮುಟ್ಟಿದ್ದಾಳೆಂದು ಚಿಕ್ಕಮ್ಮ ಹೇಳಿದಳು. ನಿನ್ನ ಜೊತೆ ಮಾತಾಡುತ್ತಾಳಾ? ನನಗೆ ವಾರಕ್ಕೊಂದು ರಕ್ತ ಪರೀಕ್ಷೆ ಇರುವುದರಿಂದ ಈ ವರ್ಷ ಮುಗಿಯುವ ತನಕ ಇಲ್ಲೇ ಇರಬೇಕು. ಆಸ್ಪತ್ರೆ ಇಲ್ಲಿಂದ ಎರಡು ಬೀದಿ ದೂರ.

ಮೂತ್ರಪಿಂಡ ಮುಕ್ಕಾಲು ಪಾಲು ವಾಪಸ್ ಬಂದಿದೆ. ಪೂರ್ತಿ ಬರುತ್ತದಾ ಎಂದರೆ ಡಾಕ್ಟರಮ್ಮ ನಗುತ್ತಾರೆ. ಭಾರ ಎತ್ತುವುದು ಒಂದು ವರ್ಷ ಕೂಡದು, ಆಮೇಲೆ ನೋಡೋಣ ಎಂದಿದ್ದಾರೆ. ಆ ನೋಡೋಣದ ಅರ್ಥ ನನಗೆ ಗೊತ್ತು. ಆಯ್ಕೆ ಮುಗಿಯಿತು, ಮೊದಲಿದ್ದವಳೇ ಹೋದಳು. ತೊಡೆಗಳು ಸಣಕಲಾಗಿವೆ, ಈಗ ನಾನೇ ಕಡ್ಡಿ. ಆ ಡಬ್ಬಿಯ ಪುಡಿಯಲ್ಲಿ ಚೀಟಿಯ ಮೇಲೆ ಬರೆಯದ ಏನೋ ಉತ್ತೇಜಕ ಸಿಕ್ಕಿತಂತೆ. ಕೋಚ್ ಸರ್ ಅವರನ್ನು ಒಂದು ವರ್ಷ ಕೆಲಸದಿಂದ ದೂರ ಇಟ್ಟಿದ್ದಾರೆ. ಹೋಗುವಾಗ ಬಂದಿದ್ದರು. ಬಹಳ ಹೊತ್ತು ಕೂತು, "ನಿನ್ನ ದೇಹ ಸುಳ್ಳು ಹೇಳಿರಲಿಲ್ಲಮ್ಮ" ಎಂದು ಎದ್ದುಹೋದರು.

ನೀನು ಅಮ್ಮನಿಗೆ ಹೇಳಿದ್ದಕ್ಕೆ ನನಗೆ ಒಂದು ವಾರ ನಿನ್ನ ಮೇಲೆ ಕೆಂಡದಂಥ ಸಿಟ್ಟಿತ್ತು. ನಾನು ಅಷ್ಟು ಕಷ್ಟಪಟ್ಟು ಮುಚ್ಚಿಟ್ಟದ್ದು. ಆಮೇಲೆ ಸಿಟ್ಟು ಬೇರೆ ಕಡೆ ತಿರುಗಿತು. ನಿನಗೆ ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದು ಬರೆದಿದ್ದರೆ ಸಾಕಿತ್ತಲ್ಲ ಅಪ್ಪ. ಒಂದು ಸಾಲು. ಆ ಸಿಟ್ಟು ಇನ್ನೂ ಹೋಗಿಲ್ಲ, ಸುಳ್ಳು ಯಾಕೆ ಹೇಳಲಿ.

ಆಸ್ಪತ್ರೆಯ ಶೌಚಾಲಯದಲ್ಲಿ ಒಂದು ಪಟ್ಟಿ ಅಂಟಿಸಿದ್ದಾರೆ. ಮೂತ್ರ ಯಾವ ಬಣ್ಣವಿದ್ದರೆ ಏನು ಅರ್ಥ ಎಂದು ಐದು ಬಣ್ಣ. ಕಿಟಕಿಯ ಬಿಸಿಲಿಗೆ ಕಾಗದ ಮಾಸಿ, ಕೊನೆಯದೂ ಹಾಲು ಹೆಚ್ಚಾದ ಚಹಾದ ಹಾಗಿದೆ. ಅದನ್ನು ನೋಡಿದರೆ ಯಾರೂ ಹೆದರುವುದಿಲ್ಲ. ನಮ್ಮ ಹಾಸ್ಟೆಲಿನಲ್ಲಿ ಅದೂ ಇರಲಿಲ್ಲ. ಜನವರಿಗೆ ಹೊಸ ಹುಡುಗಿಯರು ಬರುತ್ತಾರೆ. ಸುಮ್ಮನೆ ಬರೆದೆ.

ಗುಂಡು


ಅಕ್ಟೋಬರ್ 25

ಮಗಳೇ,

ನೀನು ಬರೆದದ್ದು ಸರಿ. ಗೊತ್ತಿಲ್ಲ ಎಂಬ ಒಂದು ಸಾಲು ನನಗೆ ಬರೆಯಲು ಬರಲಿಲ್ಲ. ಈಗ ಬರೆಯುತ್ತೇನೆ, ಬಹಳ ತಡವಾಗಿ: ನನಗೆ ಗೊತ್ತಿರಲಿಲ್ಲ.

ಅಮ್ಮ ಮಾತು ಬಿಟ್ಟಿಲ್ಲ. "ಊಟಕ್ಕೆ ಬನ್ನಿ" ಎನ್ನುತ್ತಾಳೆ, "ಈ ಬಟ್ಟೆ ಒಣಗಿಲ್ಲ" ಎನ್ನುತ್ತಾಳೆ. ಜಗಳ ಮಾತ್ರ ಆಡುವುದಿಲ್ಲ. ಮನೆಯಲ್ಲಿ ಇಷ್ಟು ಶಾಂತಿ ನಾನು ಕಂಡಿರಲಿಲ್ಲ, ಯಾವ ಶತ್ರುವಿಗೂ ಬೇಡ.

ಮಾಸಿದ ಪಟ್ಟಿ ಎಂದು ನೀನು ಬರೆದ ಮೇಲೆ ಅಂಗಡಿ ತೆರೆದೆ. ಇಲ್ಲಿನ ಆಸ್ಪತ್ರೆಯ ಲ್ಯಾಬಿನವರನ್ನು ಕೇಳಿದೆ. ಏನೂ ಊಹಿಸದೆ, ಅವರು ತೋರಿಸಿದ ಬಣ್ಣಗಳನ್ನೇ ಗುರುತು ಹಾಕಿಕೊಂಡು ಬಂದೆ. ಗಟ್ಟಿ ಹತ್ತಿ ಬಟ್ಟೆಯ ಐದು ತುಂಡುಗಳಿಗೆ ಬಣ್ಣ ಹಾಕಿದ್ದೇನೆ. ನೀರು ಬಿದ್ದರೂ ಬಿಸಿಲು ಬಿದ್ದರೂ ಇದು ಹೋಗುವುದಿಲ್ಲ. ಹನ್ನೆರಡು ಸಲ ಒಗೆದು ನೋಡಿದೆ, ಒಗೆದ ನೀರು ತಿಳಿಯಾಗಿತ್ತು.

ಮೊದಲ ನಾಲ್ಕು ಸುಲಭ. ಐದನೆಯದು ಲ್ಯಾಬಿನಲ್ಲಿ ಆ ದಿನ ಇರಲಿಲ್ಲ. ನಲವತ್ತೆರಡಕ್ಕಿಂತ ಬಹಳ ಕಪ್ಪು ಎಂದ ನಿನ್ನ ಮಾತಿನ ಮೇಲೆ ಮಾಡಿದ್ದೇನೆ. ಸರಿಯಿದೆಯಾ ಹೇಳು. ನಮ್ಮಲ್ಲಿ ಅದನ್ನು ಕಣ್ಣಾರೆ ಕಂಡವಳು ನೀನೊಬ್ಬಳೇ.

ಅಪ್ಪ


ನವೆಂಬರ್ 2

ಅಪ್ಪ,

ತುಂಡುಗಳು ಬಂದವು. ಡಾಕ್ಟರಮ್ಮನಿಗೆ ತೋರಿಸಿದೆ. ನಾಲ್ಕನ್ನೂ ಒಪ್ಪಿದರು, ತಮ್ಮ ವಾರ್ಡಿಗೂ ಒಂದು ಬೇಕು ಎಂದರು. ಹಾಸ್ಟೆಲಿನ ನರ್ಸಮ್ಮನಿಗೆ ಹೇಳಿ ಕಳಿಸಿದ್ದೇನೆ, ಎರಡು ಮಹಡಿಗೂ ಹಾಕಿಸುತ್ತಾರಂತೆ.

ಐದನೆಯದು ಸರಿಯಿಲ್ಲ. ಅದನ್ನು ಹಿಡಿದುಕೊಂಡು ಬಹಳ ಹೊತ್ತು ಕೂತಿದ್ದೆ. ಚಿಕ್ಕಮ್ಮ, "ಯಾಕೆ ಅಳ್ತೀಯಾ?" ಎಂದು ಕೇಳಿದಳು.

ಇನ್ನೂ ಕಪ್ಪು ಬೇಕು ಅಪ್ಪ. ನೀನು ಹಾಕಿರುವುದು ಬಸ್ಸಿನ ಸೀಟಿನ ಕಂದು. ನಾನು ನೋಡಿದ್ದು ಹಾಲು ಹಾಕದೆ ಒಲೆಯ ಮೇಲೆ ಮರೆತುಬಿಟ್ಟ ಚಹಾ. ಅಂಚಿನಲ್ಲಿ ಮಾತ್ರ ಕೆಂಪು. ಅಷ್ಟು ಕಪ್ಪು. ನೀನು ಕನಿಕರಪಟ್ಟು ತಿಳಿ ಮಾಡಬೇಡ.

ಗುಂಡುಕಲ್ಲು


ನವೆಂಬರ್ 13

ಗುಂಡುಕಲ್ಲಿಗೆ,

ಆ ಹೆಸರಿನಲ್ಲಿ ನೀನು ಸಹಿ ಹಾಕಿದ್ದನ್ನು ನೋಡಿದೆ.

ಐದನೆಯದನ್ನು ಮತ್ತೆ ಮಾಡಿದ್ದೇನೆ. ಏಳು ಸಲ ಅದ್ದಿದೆ. ಪ್ರತಿ ಸಲವೂ ಇಷ್ಟು ಸಾಕು ಎಂದು ಕೋಲಿನಲ್ಲಿ ಎತ್ತುತ್ತಿದ್ದೆ, ನಿನ್ನ ಕಾಗದ ನೆನಪಾಗಿ ಮತ್ತೆ ಬಿಡುತ್ತಿದ್ದೆ. ಒಣಗಿದ ಮೇಲೆ ಬಾಗಿಲ ಬೆಳಕಿಗೆ ಹಿಡಿದು ನೋಡಿದೆ. ಇಷ್ಟು ಕಪ್ಪನ್ನು ಎದುರಿಗೆ ಇಟ್ಟುಕೊಂಡು ನೀನು ಎರಡು ದಿನ ನನ್ನ ಮಾತು ಹೇಳಿಕೊಳ್ಳುತ್ತಾ ಮಲಗಿದ್ದೆ ಎಂಬುದು ಆಗ ನಿಜವಾಗಿ ತಿಳಿಯಿತು. ತುಂಡು ಹಿಡಿದುಕೊಂಡು ಅಲ್ಲೇ ನೆಲದಲ್ಲಿ ಕೂತುಬಿಟ್ಟೆ. ಅಮ್ಮ ಇಸ್ತ್ರಿ ಆರಿಸಿ ಬಂದು ಪಕ್ಕದಲ್ಲಿ ಕೂತಳು. ತುಂಡನ್ನು ನನ್ನ ಕೈಯಿಂದ ಬಿಡಿಸಿಕೊಂಡು ತಾನೂ ನೋಡಿದಳು.

ಹಾಸ್ಟೆಲಿಗೆ ಎರಡು, ಆಸ್ಪತ್ರೆಗೆ ಒಂದು, ಒಟ್ಟು ಮೂರು ಪಟ್ಟಿ ಕಳಿಸಿದ್ದೇನೆ. ಪ್ರತಿ ಬಣ್ಣದ ಕೆಳಗೂ ಏನು ಮಾಡಬೇಕೆಂದು ದಾರದಲ್ಲಿ ಹೊಲಿದಿದೆ, ಒರೆಸಿದರೂ ಹೋಗದ ಹಾಗೆ. ಡಾಕ್ಟರಮ್ಮನಿಗೆ ಮೊದಲು ತೋರಿಸು. ಅವರು ಒಪ್ಪಿದ ಮೇಲೆ ಮಾತ್ರ ಗೋಡೆಗೆ ಹಾಕಲಿ.

ಅಪ್ಪ

ಇಸ್ತ್ರಿ ಮೇಜಿನಿಂದ ಅಮ್ಮ ಬರೆಯುವುದು: ಕೊನೆಯ ಬಣ್ಣದ ಕೆಳಗೆ ನಿಮ್ಮಪ್ಪ "ದಯವಿಟ್ಟು ನರ್ಸಿಗೆ ತಿಳಿಸಿ" ಎಂದು ಗುರುತು ಹಾಕಿಕೊಟ್ಟಿದ್ದರು. ದಯವಿಟ್ಟು ಅಂತೆ. ಅದನ್ನು ಅಳಿಸಿ ಹಾಸ್ಟೆಲಿನ ಎರಡು ಪಟ್ಟಿಗೂ ನಾನೇ ಬೇರೆ ಹೊಲಿದಿದ್ದೇನೆ: "ಈ ಬಣ್ಣ ಕಂಡರೆ ಅಪ್ಪನಿಗೆ ಬರೆಯುತ್ತಾ ಕೂರಬೇಡ. ಈಗಲೇ ಎದ್ದು ಹೋಗಿ ನರ್ಸಮ್ಮನ ಬಾಗಿಲು ಬಡಿ." ಹೊಲಿಯುವ ಮೊದಲು ನಿಮ್ಮಪ್ಪನಿಗೆ ಓದಿ ಹೇಳಿದೆ. ದಾರದ ಉಂಡೆಗಳನ್ನು ಒಂದೊಂದಾಗಿ ಎತ್ತಿ ನೋಡಿದರು. ಆಮೇಲೆ, "ದಪ್ಪ ದಾರದಲ್ಲಿ ಹೊಲಿ" ಎಂದರು.